ಇಗರ್ಜಿಗೂ ಚರ್ಚಿಗೂ ಏನು ನಂಟು?

ಪ್ರಶ್ನೆ: ನಾವು ಮಂಗಳೂರು ಕಡೆಯವರು, ಮನೆಮಾತು ಕೊಂಕಣಿ. ಅಜ್ಜಿಯ ಕಾಲದಿಂದ ಚರ್ಚಿಗೆ ‘ಇಗರ್ಜಿ’ ಅಂತಲೇ ಹೇಳಿ ರೂಢಿ. ಈಗ ಮಗಳ ಮದುವೆ ಗದಗಿನ ಹುಡುಗನ ಜೊತೆ ನಿಶ್ಚಯವಾಗಿದೆ. ಅವರು ಬಾಸೆಲ್ ಮಿಷನ್ (ಪ್ರಾಟೆಸ್ಟೆಂಟ್) ಹಿನ್ನೆಲೆಯವರು, ‘ನಮ್ಮ ಸಭೆ’ ಅನ್ನುತ್ತಾರೆ. ಅವರ ಕಡೆಯ ಹಿರಿಯರೊಬ್ಬರು, “ಗ್ರೀಕಿನ ಎಕ್ಲೇಸಿಯಾ ಅಂದರೆ ‘ಹೊರಗೆ ಕರೆಯಲ್ಪಟ್ಟವರು’. ಅದು ಜನ, ಕಟ್ಟಡವಲ್ಲ. ಕಟ್ಟಡಕ್ಕೆ ಚರ್ಚು ಅನ್ನುವುದೇ ತಪ್ಪು” ಅಂದರು. ಇದು ನಿಜವೇ? ಇಗರ್ಜಿ, ಚರ್ಚು ಎರಡೂ ಒಂದೇ ಪದದಿಂದ ಬಂದವೇ? ನನ್ನ ಚಿಕ್ಕ ಮಗ ಬೇರೆ, “ಚರ್ಚು ಅಂದ್ರೆ ಚರ್ಚೆ ಮಾಡೋ ಜಾಗವಾ?” ಅಂತ ಕೇಳುತ್ತಿದ್ದಾನೆ. ಲಗ್ನಪತ್ರಿಕೆಯಲ್ಲಿ ಯಾವ ಪದ ಹಾಕಿಸಲಿ?

ಉತ್ತರ: ಮೊದಲು ನಿಮ್ಮ ಮಗನ ಪ್ರಶ್ನೆ ಮುಗಿಸಿಬಿಡೋಣ. ಚರ್ಚೆಗೂ ಚರ್ಚಿಗೂ ಯಾವ ರಕ್ತಸಂಬಂಧವೂ ಇಲ್ಲ. ಚರ್ಚೆ ಸಂಸ್ಕೃತದ ‘ಚರ್ಚಾ’ದಿಂದ ಬಂದದ್ದು. ಚರ್ಚು ಇಂಗ್ಲಿಷಿನಿಂದ ಬಂದದ್ದು, ಅಲ್ಲಿಗೆ ಗ್ರೀಕಿನಿಂದ ಹೋದದ್ದು. ಹುಡುಗನನ್ನು ಗದರಬೇಡಿ. ಪದದ ಮೂಲದಲ್ಲಿ ಅವನು ಎಡವಿದ್ದಾನೆ, ಆದರೆ ನಿಮ್ಮ ಬೀಗರ ಕಡೆಯ ಹಿರಿಯರು ಹೇಳಿದ ಎಕ್ಲೇಸಿಯಾ ನಿಜಕ್ಕೂ ಚರ್ಚೆಯ ಜಾಗವೇ ಆಗಿತ್ತು.

ಕ್ರಿಸ್ತ ಹುಟ್ಟುವುದಕ್ಕೆ ನಾಲ್ಕೈದು ನೂರು ವರ್ಷ ಮೊದಲು ಅಥೆನ್ಸ್ ನಗರದಲ್ಲಿ ಪ್ರಜೆಗಳ ಮಹಾಸಭೆಗೆ ಎಕ್ಲೇಸಿಯಾ ಎಂದು ಹೆಸರು. ಪ್ನಿಕ್ಸ್ ಎಂಬ ಗುಡ್ಡದ ಮೇಲೆ ಅದು ಸೇರುತ್ತಿತ್ತು. ಯುದ್ಧ ಮಾಡಬೇಕೋ ಬೇಡವೋ, ಯಾರನ್ನು ಸೇನಾಪತಿ ಮಾಡಬೇಕು, ದವಸ ಎಲ್ಲಿಂದ ತರಿಸಬೇಕು, ಎಲ್ಲ ಅಲ್ಲೇ ತೀರ್ಮಾನ. ಕೆಲವು ವಿಷಯಗಳಿಗೆ ಕನಿಷ್ಠ 6000 ಜನ ಸೇರಲೇಬೇಕಿತ್ತು. “ಯಾರು ಮಾತಾಡುತ್ತೀರಿ?” ಎಂದು ಸಾರುವವನು ಕೂಗಿದರೆ ಯಾವ ಪ್ರಜೆಯೂ ಎದ್ದು ನಿಲ್ಲಬಹುದಿತ್ತು. ಪ್ರಜೆ ಎಂದರೆ ಗಂಡಸರು ಮಾತ್ರ. ಹೆಂಗಸರೂ ಗುಲಾಮರೂ ಲೆಕ್ಕಕ್ಕಿರಲಿಲ್ಲ. ಕೋರಂ ತುಂಬುವ ಕಷ್ಟ ಆಗಲೂ ಇತ್ತು. ಅರಿಸ್ಟೋಫನೀಸನ ಕ್ರಿ.ಪೂ. 425ರ ಒಂದು ಪ್ರಹಸನದ ಆರಂಭದಲ್ಲೇ ಈ ಪರದಾಟ ಇದೆ: ಸಭೆಗೆ ಹೊತ್ತಾಗಿದೆ, ಗುಡ್ಡ ಖಾಲಿ, ಜನ ಪೇಟೆಯಲ್ಲಿ ಹರಟುತ್ತಾ, ಕೆಂಪು ಬಣ್ಣದ ಹಗ್ಗದಿಂದ ತಪ್ಪಿಸಿಕೊಂಡು ಅತ್ತಿತ್ತ ಓಡುತ್ತಿದ್ದಾರೆ. ಒದ್ದೆ ಬಣ್ಣ ಬಳಿದ ಉದ್ದನೆಯ ಹಗ್ಗವನ್ನು ಎರಡೂ ತುದಿ ಹಿಡಿದು ಎಳೆಯುತ್ತಾ, ಸೋಮಾರಿಗಳನ್ನು ಕುರಿಮಂದೆಯ ಹಾಗೆ ಗುಡ್ಡದ ಕಡೆ ತಳ್ಳುತ್ತಿದ್ದರು. ಬಟ್ಟೆಗೆ ಬಣ್ಣ ಹತ್ತಿದವನು ಸಿಕ್ಕಿಬಿದ್ದ ಹಾಗೆ. ಮುಂದೆ ಸಭೆಗೆ ಬಂದವರಿಗೆ ಭತ್ಯೆಯನ್ನೂ ಕೊಡತೊಡಗಿದರು. ನಮ್ಮ ಗ್ರಾಮಸಭೆ ನಡೆಸುವವರಿಗೆ ಇದೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

‘ಎಕ್’ ಎಂದರೆ ಹೊರಗೆ, ‘ಕಲೇಯಿನ್’ ಎಂದರೆ ಕರೆಯುವುದು. ಹಿರಿಯರು ಹೇಳಿದ ಬಿಡಿಸುವಿಕೆ ವ್ಯಾಕರಣದ ಮಟ್ಟಿಗೆ ಸರಿ. ಮನೆಯಿಂದ ಹೊರಗೆ ಕರೆದು ಸೇರಿಸಿದ್ದು, ಅಷ್ಟೇ. ಆದರೆ ‘ಲೋಕದಿಂದ ಬೇರ್ಪಡಿಸಿ ಕರೆದವರು’ ಎಂಬ ಭಾರವನ್ನು ಆ ಪದದ ಬೆನ್ನ ಮೇಲೆ ಹೊರಿಸುವುದಕ್ಕೆ ನಾನು ಒಪ್ಪುವುದಿಲ್ಲ. ಪ್ರಸಂಗಕ್ಕೆ, ಅಂದರೆ ಚರ್ಚಿನ ಉಪದೇಶಕ್ಕೆ, ಅದು ಚೆನ್ನಾಗಿರುತ್ತದೆ, ನಾನೂ ಹತ್ತಾರು ಸಲ ಕೇಳಿದ್ದೇನೆ. ಆದರೆ ಆ ಕಾಲದ ಗ್ರೀಕ್ ಮಾತಾಡುವವನ ಕಿವಿಯಲ್ಲಿ ಎಕ್ಲೇಸಿಯಾ ಎಂದರೆ ಬರೀ ‘ಸಭೆ’. ಮಾವಿನಕಾಯಿ ಉಪ್ಪಿನಕಾಯಿ ಎಂದಾಗ ನಾವು ಎರಡು ಕಾಯಿ ಎಣಿಸುತ್ತೇವೆಯೇ? ಹಾಗೆ.

ಇದಕ್ಕೆ ಬೈಬಲಿನಲ್ಲೇ ಸಾಕ್ಷಿ ಇದೆ. ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯ ತೆಗೆಯಿರಿ. ಎಫೆಸ ಪಟ್ಟಣದಲ್ಲಿ ದೇಮೇತ್ರಿಯ ಎಂಬ ಅಕ್ಕಸಾಲಿಗ ಅರ್ತೆಮೀ ದೇವಿಯ ಬೆಳ್ಳಿ ಗುಡಿಗಳನ್ನು ಮಾಡಿ ಮಾರುವವನು. ಕ್ರಿಸ್ತನನ್ನು ಸಾರುತ್ತಿದ್ದ ಪೌಲನ ಬೋಧನೆಯಿಂದ ವ್ಯಾಪಾರ ಬಿದ್ದೀತು ಎಂದು ಕಸುಬಿನವರನ್ನೆಲ್ಲ ಎಬ್ಬಿಸುತ್ತಾನೆ. ಜನ ಪೌಲನ ಸಂಗಡಿಗರನ್ನು ಹಿಡಿದುಕೊಂಡು ನಾಟಕಶಾಲೆಗೆ ನುಗ್ಗುತ್ತಾರೆ. ದೇವಿಗೆ ಜೈಕಾರ ಕೂಗುತ್ತಾ ಎರಡು ಗಂಟೆ ಕಳೆಯುತ್ತಾರೆ. ಒಬ್ಬರು ಒಂದು ಕೂಗಿದರೆ ಇನ್ನೊಬ್ಬರು ಇನ್ನೊಂದು. ತಾವು ಯಾಕೆ ಸೇರಿದ್ದೇವೆ ಎಂಬುದೇ ಬಹುತೇಕ ಮಂದಿಗೆ ಗೊತ್ತಿರಲಿಲ್ಲ ಎಂದು ಬರೆದವನು ಸಣ್ಣಗೆ ಕುಟುಕುತ್ತಾನೆ. ಆ ಗುಂಪಿಗೆ ಮೂಲ ಗ್ರೀಕಿನಲ್ಲಿ ಹಾಕಿರುವ ಪದ ಎಕ್ಲೇಸಿಯಾ. ಕೊನೆಗೆ ಪಟ್ಟಣದ ಕಾರ್ಯದರ್ಶಿ ಬಂದು, ಏನಿದ್ದರೂ ‘ಕ್ರಮಬದ್ಧವಾದ ಎಕ್ಲೇಸಿಯಾ’ದಲ್ಲಿ ಇತ್ಯರ್ಥ ಮಾಡಿಕೊಳ್ಳಿ ಎಂದು ಕಳಿಸುತ್ತಾನೆ. ಈ ಒಂದೇ ಅಧ್ಯಾಯದಲ್ಲಿ ಪದ ಮೂರು ಸಲ ಬರುತ್ತದೆ, ಮೂರರಲ್ಲೂ ಕ್ರೈಸ್ತ ವಾಸನೆ ಇಲ್ಲ. ಇಂಗ್ಲಿಷ್ ಅನುವಾದಕರು ಇಲ್ಲಿ ಮೆಲ್ಲಗೆ ಬೇರೆ ಪದ ಹಾಕಿ ದಾಟಿಕೊಂಡಿದ್ದಾರೆ. ಆದ್ದರಿಂದ ಇಂಗ್ಲಿಷಿನಲ್ಲಿ ಮಾತ್ರ ಓದಿದವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ.

ಹಾಗಾದರೆ ಇದಕ್ಕೆ ಧಾರ್ಮಿಕ ಬಣ್ಣ ಹತ್ತಿದ್ದು ಎಲ್ಲಿ? ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಕ್ರಿ.ಪೂ. ಮೂರನೇ ಶತಮಾನದಿಂದ ಅಲ್ಲಿನ ಯೆಹೂದ್ಯರು ತಮ್ಮ ಹೀಬ್ರೂ ಶಾಸ್ತ್ರಗಳನ್ನು ಗ್ರೀಕಿಗೆ ತರತೊಡಗಿದರು. ದೇವರ ಮುಂದೆ ನೆರೆದ ಇಸ್ರಾಯೇಲ್ಯರಿಗೆ ಹೀಬ್ರೂವಿನಲ್ಲಿ ‘ಕಾಹಾಲ್’ ಎಂಬ ಪದವಿದೆ. ಅದಕ್ಕೆ ಹಲವು ಕಡೆ ಎಕ್ಲೇಸಿಯಾ ಎಂದೂ ಕೆಲವು ಕಡೆ ‘ಸಿನಗೋಗೆ’ ಎಂದೂ ಹಾಕಿದರು. ಎರಡಕ್ಕೂ ಅರ್ಥ ಒಂದೇ, ಕೂಟ. ಮುಂದೆ ದಾಯಾದಿಗಳು ಪಾತ್ರೆ ಪಡಗ ಹಂಚಿಕೊಂಡ ಹಾಗೆ ಸಿನಗೋಗೆ ಯೆಹೂದ್ಯರ ಪಾಲಿಗೆ, ಎಕ್ಲೇಸಿಯಾ ಕ್ರೈಸ್ತರ ಪಾಲಿಗೆ ಹೋಯಿತು. ಒಂದು ಸೋಜಿಗ: ಕ್ರಿಸ್ತನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳನ್ನು ಜಾಲಾಡಿದರೂ ಎಕ್ಲೇಸಿಯಾ ಸಿಗುವುದು ಮತ್ತಾಯನಲ್ಲಿ ಮಾತ್ರ, ಅದೂ ಎರಡೇ ವಚನಗಳಲ್ಲಿ. ಉಳಿದ ಬಳಕೆಯ ದೊಡ್ಡ ಪಾಲು ಪೌಲನ ಪತ್ರಗಳಲ್ಲಿದೆ. ಅಲ್ಲಿಯೂ ‘ಅವರ ಮನೆಯಲ್ಲಿ ಸೇರುವ ಸಭೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಸ್ವಂತ ಕಟ್ಟಡವೇ ಇರಲಿಲ್ಲ, ಯಾರದೋ ಪಡಸಾಲೆ. ಸಿರಿಯಾದ ಯೂಫ್ರಟಿಸ್ ದಂಡೆಯ ದೂರಾ ಯೂರೋಪೋಸಿನಲ್ಲಿ 1930ರ ದಶಕದಲ್ಲಿ ಅಗೆದಾಗ ಅಂಥ ಒಂದು ಮನೆಯೇ ಸಿಕ್ಕಿತು. ಮೂರನೇ ಶತಮಾನದ್ದು. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಉದ್ದ ಮಾಡಿಕೊಂಡಿದ್ದಾರೆ, ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ, ಗೋಡೆಯ ಮೇಲೆ ಚಿತ್ರ. ಹೊರಗಿನಿಂದ ನೋಡಿದರೆ ಬೀದಿಯ ಉಳಿದ ಮನೆಗಳ ಹಾಗೇ.

ಆದ್ದರಿಂದ ಹಿರಿಯರ ಮಾತಿನಲ್ಲಿ ಅರ್ಧ ನಿಜ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಎಕ್ಲೇಸಿಯಾ ಎಂದರೆ ಜನವೇ, ಕಟ್ಟಡವಲ್ಲ. ಅವರು ಜಾರಿದ್ದು ಮುಂದಿನ ಮೆಟ್ಟಿಲಿನಲ್ಲಿ. ‘ಚರ್ಚ್’ ಎಂಬ ಪದ ಎಕ್ಲೇಸಿಯಾದಿಂದ ಹುಟ್ಟಿದ್ದೇ ಅಲ್ಲ.

ಚರ್ಚಿನ ತವರು ‘ಕೂರಿಯಾಕೋನ್’. ‘ಕೂರಿಯೋಸ್’ ಎಂದರೆ ಒಡೆಯ, ಕರ್ತ. ಕೂರಿಯಾಕೋನ್ ಎಂದರೆ ಕರ್ತನದು, ಕರ್ತನಿಗೆ ಸೇರಿದ್ದು. ಹೊಸ ಒಡಂಬಡಿಕೆಯಲ್ಲಿ ಈ ವಿಶೇಷಣ ಎರಡೇ ಸಲ ಬರುತ್ತದೆ, ಒಮ್ಮೆ ಕರ್ತನ ಭೋಜನಕ್ಕೆ, ಒಮ್ಮೆ ಕರ್ತನ ದಿನಕ್ಕೆ. ಇವತ್ತಿಗೂ ಗ್ರೀಸಿನಲ್ಲಿ ಭಾನುವಾರ ‘ಕಿರಿಯಾಕಿ’. ಸುಮಾರು 300ರ ಹೊತ್ತಿಗೆ ಪ್ರಾರ್ಥನೆಯ ಕಟ್ಟಡಗಳಿಗೆ ‘ಕರ್ತನ ಮನೆ’ ಎಂಬ ಅರ್ಥದಲ್ಲಿ ಕೂರಿಯಾಕೋನ್ ಎನ್ನತೊಡಗಿದರು. ಈ ಪದವನ್ನು ಎತ್ತಿಕೊಂಡವರು ಜರ್ಮನ್ ಬುಡಕಟ್ಟಿನವರು. ಜರ್ಮನಿನಲ್ಲಿ ಅದು ಕಿರ್ಶೆ, ಡಚ್ಚಿನಲ್ಲಿ ಕೆರ್ಕ್, ಸ್ಕಾಟ್ಲೆಂಡಿನಲ್ಲಿ ಕರ್ಕ್, ಇಂಗ್ಲಿಷಿನಲ್ಲಿ ಚರ್ಚ್. ‘ಕ’ ಹೋಗಿ ‘ಚ’ ಬಂದದ್ದು ಹೇಗೆ ಎಂದು ಕನ್ನಡಿಗರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ನಮ್ಮ ಕೆರೆ ಅಲ್ಲಿ ಚೆರುವು. ಇ, ಎ ಸ್ವರಗಳ ಮುಂದೆ ಕಕಾರ ಮೆತ್ತಗಾಗಿ ಚಕಾರವಾಗುವುದು ಅವರಿಗೂ ಆಯಿತು, ಇಂಗ್ಲಿಷರಿಗೂ ಆಯಿತು. ಕನ್ನಡ ಮತ್ತು ಸ್ಕಾಟಿಷರ ಮಾತು ಮಾತ್ರ ಕಕಾರ ಬಿಡದ ಹಟಮಾರಿಗಳ ಗುಂಪಿಗೆ ಸೇರಿದವು.

ಅಂದಮೇಲೆ ಚರ್ಚ್ ಪದಕ್ಕೆ ‘ಕರೆದವರು’ ಎಂಬ ಅರ್ಥ ಮೂಲದಲ್ಲೂ ಇರಲಿಲ್ಲ. ಅದು ಶುರುವಾದದ್ದೇ ಮನೆಯಾಗಿ. ಕಟ್ಟಡಕ್ಕೆ ಚರ್ಚು ಎನ್ನುವುದು ತಪ್ಪಲ್ಲ, ಹುಟ್ಟುಹೆಸರು. ಆಮೇಲೆ ಅದೇ ಪದ ಒಳಗೆ ಕೂತ ಜನಕ್ಕೂ ಅಂಟಿಕೊಂಡಿತು.

ಈ ಎಳೆದಾಟ ಯೂರೋಪಿನಲ್ಲಿ ನಿಮ್ಮ ಬೀಗರ ಮನೆಯ ಮಾತುಕತೆಗಿಂತ ಬಹಳ ಬಿಸಿಯಾಗಿ ನಡೆಯಿತು. 1522ರಲ್ಲಿ ಜರ್ಮನ್ ಹೊಸ ಒಡಂಬಡಿಕೆ ತಂದ ಮಾರ್ಟಿನ್ ಲೂಥರ್ ಎಕ್ಲೇಸಿಯಾಕ್ಕೆ ಕಿರ್ಶೆ ಬಳಸದೆ, ಸಮುದಾಯ ಎಂಬರ್ಥದ ‘ಗೆಮೈನೆ’ ಹಾಕಿದ. 1526ರಲ್ಲಿ ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್ ‘ಕಾಂಗ್ರಿಗೇಶನ್’ ಎಂದ, ಅಂದರೆ ನಮ್ಮ ‘ಸಭೆ’ಯೇ. ಬರೀ ಒಂದು ಪದ, ಆದರೆ ಅದರ ಹಿಂದೆ ಬಿಷಪ್ಪರ ಅಧಿಕಾರವೇ ನಿಂತಿತ್ತು: ಬೈಬಲಿನಲ್ಲಿ ಹೇಳಿರುವುದು ನೆರೆದ ಜನವನ್ನೇ ಆದರೆ ಶ್ರೇಣಿ ಶ್ರೇಣಿಯ ಅಧಿಕಾರಿಗಳಿಗೆ ಅಲ್ಲಿ ಜಾಗ ಎಲ್ಲಿ? ಕಥೋಲಿಕ ವಿದ್ವಾಂಸ ಥಾಮಸ್ ಮೋರ್ ಈ ಪದವನ್ನು ಹಿಡಿದೇ ಟಿಂಡೇಲನನ್ನು ಜಾಡಿಸಿದ. 1536ರಲ್ಲಿ ಬ್ರಸೆಲ್ಸ್ ಹತ್ತಿರದ ಫಿಲ್ವೋರ್ಡಿನಲ್ಲಿ ಟಿಂಡೇಲನ ಕತ್ತು ಹಿಸುಕಿ ಸುಟ್ಟರು. ಅದಕ್ಕೆ ಕಾರಣ ಈ ಒಂದು ಪದ ಎಂದರೆ ಉತ್ಪ್ರೇಕ್ಷೆಯಾದೀತು, ಆರೋಪಗಳು ಬಹಳ ಇದ್ದವು. ಆದರೆ ಗಾಯ ಆರಲಿಲ್ಲ. 1611ರಲ್ಲಿ ಹೊರಬಂದ ರಾಜ ಜೇಮ್ಸನ ಬೈಬಲಿನ ಅನುವಾದಕರಿಗೆ ಕೊಟ್ಟ ನಿಯಮಗಳಲ್ಲಿ ಮೂರನೆಯದು ಇದೇ: ಹಳೆಯ ಧಾರ್ಮಿಕ ಪದಗಳನ್ನು ಉಳಿಸಿಕೊಳ್ಳತಕ್ಕದ್ದು, ಚರ್ಚ್ ಎಂಬುದನ್ನು ಕಾಂಗ್ರಿಗೇಶನ್ ಎಂದು ಅನುವಾದಿಸತಕ್ಕದ್ದಲ್ಲ. ಅನುವಾದಕರಿಗೆ ಅರಸನ ಕಡೆಯಿಂದಲೇ ಪದಕೋಶ ಬಂದ ಅಪರೂಪದ ಪ್ರಸಂಗ.

ಇನ್ನು ನಿಮ್ಮ ಅಜ್ಜಿಯ ಇಗರ್ಜಿಗೆ ಬರೋಣ. ನನಗೆ ಈ ಪದದ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ.

ಎಕ್ಲೇಸಿಯಾದ ನೇರ ಸಂತಾನ ಇದು. ಗ್ರೀಕಿನ ಪದವನ್ನು ಲ್ಯಾಟಿನ್ ಹಾಗೇ ಎತ್ತಿಕೊಂಡು ‘ಎಕ್ಲೇಸಿಯ’ ಎಂದಿತು. ಲ್ಯಾಟಿನ್ ಮಾತಾಡುತ್ತಿದ್ದ ನಾಡುಗಳಲ್ಲಿ ಅದು ಜನರ ಬಾಯಲ್ಲಿ ಸವೆಯಿತು. ಇಟಲಿಯಲ್ಲಿ ಕಿಯೇಸ, ಫ್ರಾನ್ಸಿನಲ್ಲಿ ಎಗ್ಲೀಸ್, ಸ್ಪೇನಿನಲ್ಲಿ ಇಗ್ಲೇಸಿಯ, ಪೋರ್ಚುಗಲಿನಲ್ಲಿ ಇಗ್ರೇಜ. ಕಿವಿಗೊಟ್ಟು ನೋಡಿ: ಎಕಾರ ಇಕಾರವಾಗಿದೆ, ‘ಕ್ಲ’ದ ಕಕಾರ ಗಕಾರವಾಗಿ, ಲಕಾರ ರಕಾರವಾಗಿ ‘ಗ್ರ’ ಆಗಿದೆ, ಕೊನೆಯ ‘ಸಿಯ’ ಒತ್ತರಿಸಿ ‘ಜ’ ಆಗಿದೆ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಪದ ಕೊಂಕಣಿಗೆ ಇಳಿಯಿತು. ಪ್ರಸಾದವನ್ನು ‘ಪರಸಾದ’ ಎನ್ನುವ ನಾಲಿಗೆಗೆ ಒತ್ತಕ್ಷರ ಬಿಡಿಸಿಕೊಳ್ಳುವ ಚಾಳಿ ಇದ್ದದ್ದೇ. ಇಲ್ಲಿ ರಕಾರ ಸ್ವರದ ಆಚೆಗೆ ಜಿಗಿದು ‘ಗ್ರೆ’ ಹೋಗಿ ‘ಗರ್’ ಆಯಿತು, ಕೊನೆಯ ಸ್ವರ ಬಿದ್ದು ಇಗರ್ಜ್ ಆಯಿತು. ಕನ್ನಡಕ್ಕೆ ವ್ಯಂಜನದಲ್ಲಿ ನಿಲ್ಲುವುದು ಕಷ್ಟ. ಬಸ್ಸಿಗೆ ‘ಉ’ ಅಂಟಿಸಿದ ಹಾಗೆ ಇದಕ್ಕೆ ‘ಇ’ ಅಂಟಿಸಿತು: ಇಗರ್ಜಿ. ಅದೇ ಇಗ್ರೇಜ ಉತ್ತರ ಭಾರತದ ಕಡೆ ತಲೆಯ ಇಕಾರ ಕಳೆದುಕೊಂಡು ಹಿಂದಿಯ ‘ಗಿರ್ಜಾ’ ಆಯಿತು (ಪಾರ್ವತಿಗೂ ಅದಕ್ಕೂ ಸಂಬಂಧವಿಲ್ಲ), ಸಮುದ್ರ ದಾಟಿ ಮಲಯ ಭಾಷೆಯಲ್ಲಿ ‘ಗೆರೆಜಾ’ ಆಯಿತು. ಉರ್ದು ಶಾಯರಿಯಲ್ಲಿ ಬರುವ ‘ಕಲೀಸಾ’ ಕೂಡ ಎಕ್ಲೇಸಿಯಾವೇ, ಆದರೆ ಅದು ಪರ್ಶಿಯನ್ನಿನ ದಾರಿ ಹಿಡಿದು ಬಂದದ್ದು. ಪಾದ್ರಿ, ಚಾವಿ, ಅಲಮಾರು, ಅನಾನಸು, ಬಟಾಟೆ ಇವೆಲ್ಲ ಇಗರ್ಜಿಯ ಜೊತೆ ಅದೇ ಹಡಗಿನಲ್ಲಿ ಬಂದ ಸಹಪ್ರಯಾಣಿಕರು.

ನಿಮ್ಮ ಮನೆಯಲ್ಲೇ ಎಕ್ಲೇಸಿಯಾದ ಇನ್ನೊಂದು ಮರಿ ಅಡಗಿ ಕೂತಿದೆ, ಗಮನಿಸಿದ್ದೀರೋ ಇಲ್ಲವೋ. ನೀವು ಒಂದು ಇಗರ್ಜಿಗೆ ಸೇರಿದ ಊರು-ಕುಟುಂಬಗಳ ಸಮೂಹಕ್ಕೆ ‘ಫಿರ್ಗಜ್’ ಎನ್ನುತ್ತೀರಿ. ವಾಡೊಗಳು (ಕೇರಿಗಳು), ಒಂದೊಂದು ವಾಡೊಗೆ ಒಬ್ಬ ಗುರ್ಕಾರ್ (ಮುಖಂಡ), ಎಲ್ಲ ಸೇರಿ ಫಿರ್ಗಜ್. ಇದು ಪೋರ್ಚುಗೀಸಿನ ‘ಫ್ರೆಗೆಸಿಯ’. ಅದರ ಹಿಂದೆ ಇರುವುದು ಲ್ಯಾಟಿನ್ನಿನ ‘ಫಿಲಿ ಎಕ್ಲೇಸಿಯೆ’, ಎಕ್ಲೇಸಿಯಾದ ಮಕ್ಕಳು. ಎರಡು ಪದ ಒಂದರೊಳಗೊಂದು ಕುಸಿದು ಕೂಡಿಕೊಂಡಿವೆ. ಫಿರ್ಗಜಿನ ಗಕಾರ ಮತ್ತು ಇಗರ್ಜಿಯ ಗಕಾರ, ಎರಡೂ ಅಥೆನ್ಸಿನ ಗುಡ್ಡದ ಆ ಕಕಾರವೇ. ಪೋರ್ಚುಗಲಿನಲ್ಲಿ ‘ಫ್ರೆಗೇಸ್’ ಎಂಬ ಪದ ಮುಂದೆ ಅಂಗಡಿಯ ಕಾಯಂ ಗಿರಾಕಿಗೂ ನಡೆಯಿತು. ವಾರ ವಾರ ತಪ್ಪದೆ ಬರುವವನು ಎಂಬ ಹೋಲಿಕೆಯಿಂದ ಇರಬೇಕು.

ಈಗ ವಿಚಿತ್ರ ನೋಡಿ. ಜನ ಎಂಬ ಅರ್ಥದ ಪದ ನಿಮ್ಮ ಕರಾವಳಿಯಲ್ಲಿ ಗೋಪುರ, ಗಂಟೆ, ಹೆಂಚಿನ ಮಾಡು ಇರುವ ಕಟ್ಟಡದ ಹೆಸರಾಗಿ ನಿಂತಿದೆ. ನಿಮ್ಮ ಬೀಗರು ಜನ ಎಂಬ ಅರ್ಥದಲ್ಲಿ ಹೆಮ್ಮೆಯಿಂದ ಹೇಳುವ ‘ಸಭೆ’ಯ ಜಾತಕ ತೆಗೆದರೆ ಅದರಲ್ಲಿ ಕಟ್ಟಡ ಇದೆ. ಸಂಸ್ಕೃತದ ‘ಸಭಾ’ ಋಗ್ವೇದದಷ್ಟು ಹಳೆಯದು. ಅಲ್ಲಿ ಅದು ಕೂಟವೂ ಹೌದು, ಕೂಡುವ ಚಾವಡಿಯೂ ಹೌದು. ಹತ್ತನೇ ಮಂಡಲದ ಜೂಜುಕೋರನ ಸೂಕ್ತದಲ್ಲಿ ಆತ “ಇವತ್ತು ಗೆದ್ದೇನೆಯೇ” ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾ ಹೋಗುವುದು ಸಭೆಗೆ. ಮಯ ಪಾಂಡವರಿಗೆ ಕಟ್ಟಿಕೊಟ್ಟದ್ದೂ ಸಭೆಯೇ. ನೀರು ಯಾವುದು ನೆಲ ಯಾವುದು ತಿಳಿಯದೆ ದುರ್ಯೋಧನ ಬಿದ್ದದ್ದು ಜನರ ಗುಂಪಿನೊಳಕ್ಕಲ್ಲ. ಪದಗಳು ಹೀಗೆಯೇ, ಜನದಿಂದ ಜಾಗಕ್ಕೆ, ಜಾಗದಿಂದ ಜನಕ್ಕೆ ಅಡ್ಡಾಡುತ್ತಲೇ ಇರುತ್ತವೆ. ‘ವಸತಿ’ ಎಂಬ ಬರೀ ವಾಸದ ಪದ ನಮ್ಮ ಜೈನರ ಬಸದಿ ಆಯಿತು. ಹೀಬ್ರೂವಿನಲ್ಲಿ ಕೂಡಿಸುವುದು ಎಂಬರ್ಥದ ಧಾತುವಿನಿಂದ ಇಸ್ರೇಲಿನ ಸಂಸತ್ತಿಗೆ ‘ಕ್ನೆಸೆಟ್’ ಎಂದು ಹೆಸರು ಬಂತು; ಅದೇ ಧಾತುವಿನಿಂದ ಅರಬ್ಬಿಯಲ್ಲಿ ಚರ್ಚಿಗೆ ‘ಕನೀಸಾ’.

ಕನ್ನಡ ಬೈಬಲ್ ಸಿದ್ಧಪಡಿಸಿದವರು, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕಾಲದಿಂದ ಹಿಡಿದು, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರವರೆಗೆ, ಪ್ರಾಟೆಸ್ಟೆಂಟರು. ಟಿಂಡೇಲ್, ಲೂಥರರ ಕಡೆಯವರು. ಅವರ ಪರಂಪರೆಯಲ್ಲಿ ‘ಸಭೆ’ ನೆಲೆಯಾಯಿತು, ಪಾಸ್ಟರು ‘ಸಭಾಪಾಲಕ’ರಾದರು. ನನ್ನ ಲೆಕ್ಕದಲ್ಲಿ ಇದು ಬಹಳ ಒಳ್ಳೆಯ ಆಯ್ಕೆ. ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುತ್ತೇನೆ ಎಂಬ ಮತ್ತಾಯನ ಮಾತು ಕನ್ನಡದಲ್ಲಿ ಎಷ್ಟು ಸರಾಗ ಕೂರುತ್ತದೆ ನೋಡಿ. ನಾವು ಮನೆಯನ್ನೂ ಕಟ್ಟುತ್ತೇವೆ, ಸಂಘವನ್ನೂ ಕಟ್ಟುತ್ತೇವೆ. ಕಥೋಲಿಕರು ವಿಶ್ವವ್ಯಾಪಿ ಸಂಸ್ಥೆ ಎಂಬ ತೂಕ ಬರಲೆಂದು ‘ಧರ್ಮಸಭೆ’ ಎಂದರು, ಕಟ್ಟಡಕ್ಕೆ ‘ದೇವಾಲಯ’ ಎಂದು ಬೇರೆ ಇಟ್ಟುಕೊಂಡರು. ಅಲ್ಲಿಗೆ ಕನ್ನಡದಲ್ಲಿ ಜನಕ್ಕೊಂದು, ಕಟ್ಟಡಕ್ಕೊಂದು ಪದ ಸಿಕ್ಕಿತು. ಇಂಗ್ಲಿಷಿಗೆ ಈ ಸವಲತ್ತು ಇಲ್ಲ. ಒಂದೇ ಚರ್ಚ್ ಪದದಲ್ಲಿ ಎರಡನ್ನೂ ತುರುಕಿಕೊಂಡು ಅವರು ಒದ್ದಾಡುತ್ತಾರೆ, ಆ ಒದ್ದಾಟವನ್ನು ನಾವು ಇಂಗ್ಲಿಷ್ ಪ್ರಸಂಗ ಕೇಳಿ ಕನ್ನಡಕ್ಕೆ ತಂದುಕೊಳ್ಳುತ್ತೇವೆ. ಹಿರಿಯರ ಮಾತು ಅಂಥ ಆಮದಿನ ಸರಕು ಎಂದು ನನ್ನ ಗುಮಾನಿ.

ಜನ, ಕಟ್ಟಡ ಬೇರೆ ಬೇರೆಯಾದದ್ದನ್ನು ಕಣ್ಣಾರೆ ನೋಡಬೇಕೆಂದರೆ ಹಾಸನದ ಹತ್ತಿರದ ಶೆಟ್ಟಿಹಳ್ಳಿಗೆ ಹೋಗಿ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚು ಅಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಅಲ್ಲಿಗೂ ಬಂತು, ಊರವರನ್ನು ಬೇರೆ ಕಡೆ ಎಬ್ಬಿಸಿದರು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಕಾಲಿಟ್ಟು ಹೋಗುವಂತೆ ಬಯಲಾಗುತ್ತದೆ. ಸೂರಿಲ್ಲದ ಕಮಾನುಗಳ ಕೆಳಗೆ ಒಣಗಿ ಬಿರುಕು ಬಿಟ್ಟ ಕೆಸರು. ಅಲ್ಲಿ ಪೂಜೆ ಇಲ್ಲ, ಫಿರ್ಗಜ್ ಇಲ್ಲ, ಸಭೆ ಇಲ್ಲ. ಆದರೂ ದಾರಿ ಕೇಳಿದರೆ ಸುತ್ತಲ ಹಳ್ಳಿಯವರು “ಚರ್ಚಾ? ಹಿಂಗೇ ಹೋಗಿ” ಎಂದು ಕೈ ತೋರಿಸುತ್ತಾರೆ. ಅವರಿಗೆ ಹೋಗಿ “ನೀವು ಹೇಳಿದ್ದು ತಪ್ಪು, ಎಕ್ಲೇಸಿಯಾ ಅಂದರೆ ಜನ” ಎನ್ನುವ ಧೈರ್ಯ ನನಗಿಲ್ಲ.

ಲಗ್ನಪತ್ರಿಕೆಯ ವಿಷಯ. ಅದರಲ್ಲಿ ಸ್ಥಳ ಎಂದು ಬರೆಯುವಲ್ಲಿ ಬೇಕಾಗಿರುವುದು ಕಟ್ಟಡ, ಆಟೋದವನಿಗೆ ಗೊತ್ತಾಗಬೇಕು. ಮದುವೆ ಮಂಗಳೂರಿನಲ್ಲಾದರೆ ಧಾರಾಳವಾಗಿ ಇಗರ್ಜಿ ಎಂದೇ ಹಾಕಿಸಿ. ಈಚೆಗೆ ಕನ್ನಡ ಪತ್ರಿಕೆಗಳಲ್ಲಿ ಎಲ್ಲರೂ ಚರ್ಚ್ ಎಂದು ಮುದ್ರಿಸುತ್ತಾರೆ, ಅಜ್ಜಿಯರ ಪದ ತೆರೆಮರೆಗೆ ಸರಿಯುತ್ತಿದೆ. ಗದಗಿನಲ್ಲಾದರೆ ಇಗರ್ಜಿ ಅಲ್ಲಿ ಯಾರಿಗೂ ಅರ್ಥವಾಗದು, ಚರ್ಚ್ ಇರಲಿ. ‘ಸಭೆ’ಯನ್ನು ಸ್ಥಳದ ಸಾಲಿನಲ್ಲಿ ಹಾಕಬೇಡಿ. “ಬೆಳಿಗ್ಗೆ ಹತ್ತಕ್ಕೆ ಸಭೆಯಲ್ಲಿ ಮದುವೆ” ಎಂದರೆ ಭಾಷಣ, ಶಾಲು, ಹಾರ ಎಲ್ಲ ಇರುತ್ತದೆಂದು ನೆಂಟರು ಗಾಬರಿಯಾದಾರು. ಅದನ್ನು ಕೆಳಗೆ, ಆಹ್ವಾನಿಸುವವರ ಸಾಲಿನಲ್ಲಿ ‘ಸಭೆಯ ಹಿರಿಯರು ಮತ್ತು ಬಂಧುಮಿತ್ರರು’ ಎಂದು ಹಾಕಿಸಿ. ನಿಮ್ಮ ಬೀಗರ ಕಡೆಯ ಆ ಹಿರಿಯರಿಗೂ ಖುಷಿಯಾಗುತ್ತದೆ.